ತುಲಾಭಾರದೊಳಗೊಂದು ಲ್ಯಾಟಿನ್ ಕ್ರಿಯಾಪದ

ಓದುಗರ ಪ್ರಶ್ನೆ – ನಮ್ಮ ಉತ್ತರ

ಪ್ರಶ್ನೆ: ಗಿಡಮರಗಳ ವೈಜ್ಞಾನಿಕ ಹೆಸರು ಬಾಯಿಪಾಠ ಮಾಡುವಾಗ ಮಾವು, ತೆಂಗು, ನುಗ್ಗೆ ಮೂರರಲ್ಲೂ 'ಫೆರಾ' ಎಂದು ಬರುತ್ತದೆ. ತಾಳೆಗೆ ಮಾತ್ರ 'ಫೆರ್'. ಇದು ಬರೀ ಪ್ರತ್ಯಯವೋ, ಅರ್ಥವಿರುವ ಪದವೋ?
– ಅರಣ್ಯಶಾಸ್ತ್ರ ವಿದ್ಯಾರ್ಥಿನಿ, ಶಿರಸಿ

ಉತ್ತರ: ಅರ್ಥವಿರುವ ಪದವೇ. ಲ್ಯಾಟಿನ್ನಿನಲ್ಲಿ 'ಫೆರ್ರೆ' ಎಂಬ ಕ್ರಿಯಾಪದವಿದೆ. ಹೊರು, ತರು, ತಾಳಿಕೊ ಎಂದು ಅದರ ಅರ್ಥ. ಮರ ಕಾಯಿ ಬಿಡುವುದಕ್ಕೂ ಅದೇ ಮಾತು. ಅದರ ತುಂಡನ್ನು ನಾಮಪದದ ಹಿಂದೆ ಅಂಟಿಸಿ, ನಡುವೆ 'ಇ' ಇಟ್ಟರೆ 'ಇಂಥದ್ದನ್ನು ಹೊರುವ' ಎಂಬ ವಿಶೇಷಣ ಸಿದ್ಧ. ನುಕ್ಸ್ ಎಂದರೆ ಗಟ್ಟಿ ಚಿಪ್ಪಿನ ಕಾಯಿ, ಆದ್ದರಿಂದ ಕೋಕೋಸ್ ನುಸಿಫೆರಾ. ಒಲೆಉಮ್ ಎಂದರೆ ಎಣ್ಣೆ, ಆದ್ದರಿಂದ ನುಗ್ಗೆ ಮೊರಿಂಗಾ ಒಲೆಇಫೆರಾ; ಅದರ ಬೀಜದಲ್ಲಿ ಎಣ್ಣೆಯಿದೆ. ಮಾಂಗಿಫೆರಾದ ಮೊದಲರ್ಧ ಲ್ಯಾಟಿನ್ನೇ ಅಲ್ಲ. ಮಲೆಯಾಳದ ಮಾಂಙ ಪೋರ್ಚುಗೀಸರ ಬಾಯಲ್ಲಿ 'ಮಾಂಗಾ' ಆಗಿ ಯೂರೋಪಿಗೆ ಹೋಗಿತ್ತು. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಅದಕ್ಕೆ ಲ್ಯಾಟಿನ್ ಬಾಲ ಕಟ್ಟಿದ. ಅಂಕೋಲಾದ ಈಶಾಡು ಮಾವಿನ ವೈಜ್ಞಾನಿಕ ಹೆಸರೂ ಹೀಗೆ ಅರ್ಧ ದ್ರಾವಿಡ, ಅರ್ಧ ಲ್ಯಾಟಿನ್.

ಫೆರ್, ಫೆರಾ, ಫೆರುಮ್ ಎನ್ನುವುದು ಲಿಂಗಭೇದ: ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕ. ಬೊರಾಸುಸ್ ಪುಲ್ಲಿಂಗವೆಂದು ಎಣಿಸಿದ್ದರಿಂದ ತಾಳೆ ಫ್ಲಾಬೆಲ್ಲಿಫೆರ್, ಅಂದರೆ ಬೀಸಣಿಗೆ ಹೊತ್ತವನು. ಗಸಗಸೆಯ ಪಾಪಾವೆರ್ ನಪುಂಸಕ, ಹಾಗಾಗಿ ಸೊಮ್ನಿಫೆರುಮ್, ನಿದ್ದೆ ತರುವಂಥದ್ದು. ಗಸಗಸೆ ಪಾಯಸ ಕುಡಿದು ಮಧ್ಯಾಹ್ನ ತೂಕಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ 'ಸೊಮ್ನುಸ್' ಸಂಸ್ಕೃತದ 'ಸ್ವಪ್ನ'ದ ಒಡಹುಟ್ಟು.

ಎಲ್ಲರೂ ತಪ್ಪುವ ಜಾಗ ಒಂದಿದೆ. 'ಫೆ' ಹ್ರಸ್ವ. ಕೊನೆಯಿಂದ ಎರಡನೆಯ ಅಕ್ಷರ ಲಘುವಾದರೆ ಲ್ಯಾಟಿನ್ನಿನಲ್ಲಿ ಒತ್ತು ಅದರ ಹಿಂದಿನ ಅಕ್ಷರಕ್ಕೆ ಜಾರುತ್ತದೆ. ಮಾಂಗಿಫೆರಾದಲ್ಲಿ ಒತ್ತು 'ಗಿ' ಮೇಲೆ, ನುಸಿಫೆರಾದಲ್ಲಿ 'ಸಿ' ಮೇಲೆ. 'ಫೇರಾ' ಎಂದು ಎಳೆಯಬೇಡಿ.

ಕಾಳಿ ಮತ್ತು ಅಘನಾಶಿನಿ ಅಳಿವೆಗಳ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಲ್ಲಿ ಒಂದು ಕುಲ ರೈಜೋಫೋರಾ. ಅಲ್ಲಿನ 'ಫೋರಾ' ಗ್ರೀಕಿನದು, ಇದೇ ಧಾತುವಿನ ಗ್ರೀಕ್ ರೂಪ: 'ಬೇರು ಹೊತ್ತದ್ದು'. ಕೋನಿಫರ್ ಎಂದರೆ ಶಂಕು ಹೊರುವ ಮರ. ಕಾರವಾರದ ಕಡಲತಡಿಯ ಗಾಳಿಮರ ನೋಡಲು ಹಾಗೇ ಕಂಡರೂ ಆ ಗುಂಪಿನದಲ್ಲ. ಅದು ಹೂ ಬಿಡುವ ಜಾತಿ. ಪರೀಕ್ಷೆಯಲ್ಲಿ ಇದಕ್ಕೇ ಅಂಕ ಹೋಗುತ್ತದೆ.

ಪ್ರಶ್ನೆ: ಸಂಸ್ಕೃತ ಓದಿದ ನನಗೆ ಲ್ಯಾಟಿನ್ ನಿಘಂಟಿನಲ್ಲಿ ಈ ಕ್ರಿಯಾಪದ 'ಫೆರೋ, ಫೆರ್ರೆ, ತುಲೀ, ಲಾತುಮ್' ಎಂದು ನಾಲ್ಕು ರೂಪಗಳಲ್ಲಿ ಸಿಕ್ಕಿತು. ಮೊದಲೆರಡು ಒಂದೇ ಮನೆಯವು, ಸರಿ. ತುಲೀ, ಲಾತುಮ್ ಎಲ್ಲಿಂದ ಬಂದವು? ರೂಪಾವಳಿಯನ್ನೂ ಕೊಡಿ.
– ಗೋಕರ್ಣದ ಓದುಗರು

ಉತ್ತರ: ಧಾತು ಒಂದಲ್ಲ, ಎರಡು. ನಿಮ್ಮೂರ ಕಡೆಯ ದೇವಸ್ಥಾನಗಳಲ್ಲಿ ಹೇಳಿಕೊಂಡು ಮಾಡಿಸುವ ತುಲಾಭಾರವನ್ನೇ ತೆಗೆದುಕೊಳ್ಳಿ. 'ಭಾರ'ದಲ್ಲಿರುವುದು ಭೃ ಧಾತು. ಅದರ ಲ್ಯಾಟಿನ್ ಜೊತೆಗಾರ ಫೆರ್. 'ತುಲಾ'ದಲ್ಲಿರುವುದು ಎತ್ತು, ತೂಗು ಎನ್ನುವ ಧಾತು. ಅದರ ಲ್ಯಾಟಿನ್ ಜೊತೆಗಾರ ತುಲ್. ಎರಡು ಧಾತು ಸೇರಿ ನಮ್ಮಲ್ಲಿ ಒಂದು ಸಮಾಸವಾಯಿತು, ರೋಮಿನಲ್ಲಿ ಒಂದು ಕ್ರಿಯಾಪದವಾಯಿತು.

ಮೊದಲು ಫೆರ್. ಪದದ ಆದಿಯ ಭಕಾರಕ್ಕೆ ಲ್ಯಾಟಿನ್ನಿನಲ್ಲಿ ಫಕಾರ: ಭ್ರಾತಾ – ಫ್ರಾತೆರ್, ಅಭೂತ್ – ಫುಇತ್, ಭರತಿ – ಫೆರ್ತ್. ಸ್ವರದ ವ್ಯತ್ಯಾಸ ಸಂಸ್ಕೃತದ ಕಡೆಯಿಂದ ಆದದ್ದು. ಮೂಲದ ಹ್ರಸ್ವ ಎ, ಒ, ಅ ಮೂರೂ ಸಂಸ್ಕೃತದಲ್ಲಿ 'ಅ' ಆದವು, ಲ್ಯಾಟಿನ್ ಬೇರೆಬೇರೆಯಾಗಿಯೇ ಉಳಿಸಿಕೊಂಡಿತು. ಇಲ್ಲಿ ಕನ್ನಡ ಲಿಪಿಯ ಅನುಕೂಲ ದೊಡ್ಡದು. ಎ–ಏ, ಒ–ಓ ಭೇದ ದೇವನಾಗರಿಯಲ್ಲಿ ನೇರವಾಗಿ ಬರೆಯಲಾಗದು, ನಮ್ಮಲ್ಲಿ ಬರೆದಂತೆಯೇ ಓದಬಹುದು. ಲ್ಯಾಟಿನ್ ಟಿಪ್ಪಣಿಯನ್ನು ಕನ್ನಡದಲ್ಲೇ ಮಾಡಿಕೊಳ್ಳಿ.

ಈಗ ತುಲೀ. ಹಳೆಯ ಲ್ಯಾಟಿನ್ನಿನಲ್ಲಿ ಇದು 'ತೆತುಲೀ'. ಪ್ರಾಚೀನ ರೋಮಿನ ನಾಟಕಕಾರ ಪ್ಲೌತುಸನ ನಾಟಕಗಳಲ್ಲಿ ಹಾಗೇ ಸಿಗುತ್ತದೆ. ಆ 'ತೆ' ನಿಮ್ಮ ಲಿಟ್ ಲಕಾರದ (ಪರೋಕ್ಷ ಭೂತಕಾಲದ) ದ್ವಿತ್ವ: ಚಕಾರ, ಬಭಾರ ಇದ್ದಂತೆ. ಲಾತುಮ್ ಮೂಲದಲ್ಲಿ 'ತ್ಲಾತುಮ್'. ಪದದ ಮೊದಲಲ್ಲಿ 'ತ್ಲ್' ಬಂದರೆ ಲ್ಯಾಟಿನ್ ತಕಾರವನ್ನು ಬಿಟ್ಟುಬಿಡುತ್ತದೆ. ಆದ್ದರಿಂದ ಲಾತುಮ್ ಮೂರನೆಯ ಧಾತುವಲ್ಲ, ತುಲ್‌ನದೇ ಇನ್ನೊಂದು ಮುಖ. ಕೊನೆಯ '-ತುಮ್' ನಿಮ್ಮ ತುಮುನ್ ಪ್ರತ್ಯಯದ ಸೋದರ: ಗಂತುಂ, ಕರ್ತುಂ.

ಒಂದು ಧಾತುವಿಗೆ ಕೆಲವು ಕಾಲಗಳಲ್ಲಿ ರೂಪವಿಲ್ಲದಾಗ ಇನ್ನೊಂದು ಧಾತು ಬಂದು ಜಾಗ ತುಂಬುವುದು ನಿಮಗೆ ಹೊಸತಲ್ಲ. 'ಅಸ್ತೇರ್ಭೂಃ' (2.4.52), ಅಂದರೆ ಅಸ್ ಧಾತುವಿನ ಜಾಗದಲ್ಲಿ ಭೂ, ಎಂದು ಪಾಣಿನಿ ಹೇಳಿದ್ದು ಇದನ್ನೇ. ದೃಶ್ ಧಾತುವಿಗೆ ವರ್ತಮಾನದಲ್ಲಿ 'ಪಶ್ಯತಿ' ಬರುವುದೂ ಹೀಗೇ. ಸಂಸ್ಕೃತದ ಭೃ ತನ್ನ ಬಭಾರವನ್ನು ಉಳಿಸಿಕೊಂಡಿತು. ಲ್ಯಾಟಿನ್ನಿನ ಫೆರ್‌ಗೆ ಅಂಥ ರೂಪ ಇಲ್ಲವಾದ್ದರಿಂದ ತುಲ್ ಒಳಗೆ ಬಂತು.

ರೂಪಾವಳಿಗೆ ಮುಂಚೆ ಎರಡು ಎಚ್ಚರ. ಶಬ್ದಮಂಜರಿಯ ಕ್ರಮ 'ಅವನು – ನೀನು – ನಾನು', ಲ್ಯಾಟಿನ್ನಿನದು ತಿರುವುಮುರುವು, 'ನಾನು' ಮೊದಲು. ದ್ವಿವಚನವೂ ಇಲ್ಲ.

ವರ್ತಮಾನ: ಫೆರೋ, ಫೆರ್ಸ್, ಫೆರ್ತ್, ಫೆರಿಮುಸ್, ಫೆರ್ತಿಸ್, ಫೆರುನ್ತ್. ಪಕ್ಕದಲ್ಲಿ ಭರಾಮಿ, ಭರಸಿ, ಭರತಿ. ಭರಾಮಃ, ಭರಥ, ಭರಂತಿ ಇಟ್ಟು ಒಮ್ಮೆ ಗಟ್ಟಿಯಾಗಿ ಓದಿ. ಈ ಗಣದ ಸಾಮಾನ್ಯ ಕ್ರಿಯಾಪದ ರೆಗೋ, ರೆಗಿಸ್, ರೆಗಿತ್ ಎಂದು ನಡೆಯುತ್ತದೆ. ಫೆರ್ರೆಯಲ್ಲಿ ಸ್, ತ್, ರ್ ಎದುರಿಗೆ ಬಂದಾಗ ನಡುವಿನ ಸ್ವರ ಇರುವುದಿಲ್ಲ. ಇದರ 'ಅಕ್ರಮ'ವೆಲ್ಲ ಇಷ್ಟೇ. ಆ ಸ್ವರ ಉದುರಿತೋ, ಮೊದಲಿಂದಲೇ ಇರಲಿಲ್ಲವೋ ಎಂಬುದರಲ್ಲಿ ಪಂಡಿತರದು ಎರಡು ಪಕ್ಷ. ಋಗ್ವೇದದಲ್ಲಿ ಸ್ವರವಿಲ್ಲದ 'ಭರ್ತಿ' ಎಂಬ ರೂಪವೂ ಇರುವುದರಿಂದ ಎರಡನೆಯ ಪಕ್ಷ ಹಗುರವಲ್ಲ.

ಭೂತಕಾಲ, 'ಹೊರುತ್ತಿದ್ದೆ' ಎಂಬರ್ಥ: ಫೆರೇಬಮ್, ಫೆರೇಬಾಸ್, ಫೆರೇಬತ್, ಫೆರೇಬಾಮುಸ್, ಫೆರೇಬಾತಿಸ್, ಫೆರೇಬನ್ತ್. ಈ 'ಬ' ಭೂ ಧಾತುವಿನ ಚೂರು. ಭಕಾರ ಪದದ ಆದಿಯಲ್ಲಿ ಫಕಾರವಾದರೂ ನಡುವೆ ಬಕಾರವಾಗುತ್ತದೆ.

ಭವಿಷ್ಯತ್: ಫೆರಮ್, ಫೆರೇಸ್, ಫೆರೆತ್, ಫೆರೇಮುಸ್, ಫೆರೇತಿಸ್, ಫೆರೆನ್ತ್.

ಮುಗಿದ ಕೆಲಸಕ್ಕೆ, 'ಹೊತ್ತೆ, ತಂದೆ': ತುಲೀ, ತುಲಿಸ್ತೀ, ತುಲಿತ್, ತುಲಿಮುಸ್, ತುಲಿಸ್ತಿಸ್, ತುಲೇರುನ್ತ್. 'ತಂದಿದ್ದೆ' ಎನ್ನಲು ತುಲೆರಮ್, 'ತಂದಿರುತ್ತೇನೆ' ಎನ್ನಲು ತುಲೆರೋ.

ವಿಧ್ಯರ್ಥ, 'ಹೊರಲಿ' ಮುಂತಾದುದಕ್ಕೆ: ಫೆರಮ್, ಫೆರಾಸ್, ಫೆರತ್, ಫೆರಾಮುಸ್, ಫೆರಾತಿಸ್, ಫೆರನ್ತ್. ಇದರ ಭೂತರೂಪಕ್ಕೆ ಹೊಸದಾಗಿ ಏನೂ ಕಲಿಯಬೇಕಿಲ್ಲ. ಫೆರ್ರೆಗೇ ಪುರುಷಪ್ರತ್ಯಯ ಹಚ್ಚಿದರೆ ಆಯಿತು: ಫೆರ್ರೆಮ್, ಫೆರ್ರೇಸ್, ಫೆರ್ರೆತ್, ಹೀಗೆ.

ಆಜ್ಞಾರ್ಥ: ಒಬ್ಬನಿಗೆ ಫೆರ್, ಹಲವರಿಗೆ ಫೆರ್ತೆ.

ಕರ್ಮಣಿ ವರ್ತಮಾನ: ಫೆರೊರ್, ಫೆರ್ರಿಸ್, ಫೆರ್ತುರ್, ಫೆರಿಮುರ್, ಫೆರಿಮಿನೀ, ಫೆರುನ್ತುರ್. ಕರ್ಮಣಿಯ ಮುಗಿದ ಕಾಲಕ್ಕೆ 'ಲಾತುಸ್ ಸುಮ್' ಎಂದು ಎರಡು ಪದ. 'ಫೆರ್ತುರ್'ಗೆ 'ಹೊರಲ್ಪಡುತ್ತದೆ' ಎಂದು ಅರ್ಥ ಬರೆದು ಅನೇಕರು ಕೆಡುತ್ತಾರೆ. ಕಥೆ ಹೇಳುವ ಕವಿ ಅದನ್ನು ಬಳಸುವಾಗ ಬಹಳ ಸಲ ನಮ್ಮ 'ಅಂತೆ'ಯೇ ಸರಿ. ಮಾತನ್ನು ಬಾಯಿಂದ ಬಾಯಿಗೆ ಹೊತ್ತು ತಂದದ್ದು ತಾನೆ.

ಪ್ರಶ್ನೆ: ಸ್ವಂತ ಓದಿನಿಂದ ಲ್ಯಾಟಿನ್ ಕಲಿಯುತ್ತಿದ್ದೇನೆ. ಪಾಠದಲ್ಲಿ 'ಅತ್ತುಲಿತ್', 'ಅಲ್ಲಾತುಮ್' ಎಂಬವು ಬಂದವು. ನಿಘಂಟಿನಲ್ಲಿ ಆ ಅಕ್ಷರದಡಿ ಏನೂ ಸಿಗಲಿಲ್ಲ. ಹುಡುಕುವುದು ಹೇಗೆ?
– ಅಂಕೋಲಾದ ಕಾಲೇಜು ವಿದ್ಯಾರ್ಥಿ

ಉತ್ತರ: ಹಿಂದಿನಿಂದ ಸುಲಿಯುತ್ತ ಬನ್ನಿ. 'ಅತ್ತುಲಿತ್'ನಲ್ಲಿ ಮೊದಲು '-ಇತ್' ತೆಗೆಯಿರಿ. ಉಳಿದದ್ದು ಅತ್ತುಲ್. ಅದರಲ್ಲಿ 'ತುಲ್' ಕಂಡ ಕೂಡಲೇ ಇದು ಫೆರ್ರೆ, ಮುಗಿದ ಕಾಲ, 'ಅವನು' ಎಂದು ಗುರುತು ಹಾಕಿಕೊಳ್ಳಿ. ಕೊನೆಗೆ ಉಳಿದ 'ಅತ್' ಉಪಸರ್ಗ. ಮೂಲದಲ್ಲಿ ಅದು 'ಅದ್', ಕಡೆಗೆ ಎಂದರ್ಥ. ಮುಂದಿನ ತಕಾರ ನೋಡಿ ತಾನೂ ತಕಾರವಾಗಿದೆ. ಈಗ ನಿಘಂಟಿನಲ್ಲಿ 'ಅಫ್ಫೆರೋ' ತೆಗೆಯಿರಿ, ಏಕೆಂದರೆ ಫಕಾರದ ಎದುರು ಅದೇ ಉಪಸರ್ಗ 'ಅಫ್' ಆಗುತ್ತದೆ. ಅರ್ಥ: 'ಇಲ್ಲಿಗೆ ತಂದನು'. 'ಅಲ್ಲಾತುಮ್' ಅದರದೇ ನಾಲ್ಕನೆಯ ರೂಪ. ಅದ್ + ಲಾತುಮ್ = ಅಲ್ಲಾತುಮ್. ತತ್ + ಲೀನ = ತಲ್ಲೀನ, ಉತ್ + ಲೇಖ = ಉಲ್ಲೇಖ ಎಂದು ಹೈಸ್ಕೂಲಿನಲ್ಲೇ ಸಂಧಿ ಬಿಡಿಸಿದವರಿಗೆ ಇದರಲ್ಲಿ ಕಷ್ಟವೇನೂ ಇಲ್ಲ.

ಮುಖ್ಯ ಉಪಸರ್ಗಗಳ ಜೊತೆ ಹೀಗಾಗುತ್ತದೆ: ಕೊನ್‌ಫೆರೋ, ಕೊನ್ತುಲೀ, ಕೊಲ್ಲಾತುಮ್ (ಒಟ್ಟಿಗೆ ತರು, ಹೋಲಿಸು). ಒಫ್ಫೆರೋ, ಒಬ್ತುಲೀ, ಒಬ್ಲಾತುಮ್ (ಎದುರಿಗಿಡು, ಅರ್ಪಿಸು). ದಿಫ್ಫೆರೋ, ದಿಸ್ತುಲೀ, ದೀಲಾತುಮ್ (ಬೇರೆಬೇರೆಯಾಗಿ ಒಯ್ಯು, ಮುಂದೂಡು). ಎಫ್ಫೆರೋ, ಎಕ್ಸ್‌ತುಲೀ, ಏಲಾತುಮ್ (ಹೊರಗೊಯ್ಯು). ರೆಫೆರೋ, ರೆತ್ತುಲೀ, ರೆಲಾತುಮ್ (ಮರಳಿ ತರು, ವರದಿ ಮಾಡು). ಈ ಕೊನೆಯದರಲ್ಲಿ ತಕಾರ ಎರಡಿರುವುದು ಅಚ್ಚಿನ ತಪ್ಪಲ್ಲ. ಮೇಲೆ ಹೇಳಿದ 'ತೆತುಲೀ'ಯ ಮೊದಲ ತಕಾರ ಅಲ್ಲಿ ಇನ್ನೂ ಉಳಿದುಕೊಂಡಿದೆ.

ಟ್ರಾನ್ಸ್‌ಫರ್ ಮತ್ತು ಟ್ರಾನ್ಸ್‌ಲೇಷನ್ ಕೂಡ ಒಂದೇ ಕ್ರಿಯಾಪದ. ಆಚೆ ದಡಕ್ಕೆ ಹೊತ್ತೊಯ್ಯುವುದು 'ಟ್ರಾನ್ಸ್‌ಫೆರೋ'. ಅದರ ಮೊದಲ ರೂಪದಿಂದ ವರ್ಗಾವಣೆ, ನಾಲ್ಕನೆಯದರಿಂದ ಅನುವಾದ.

ಎಡವುವ ಜಾಗಗಳು. ಒಂದು, 'ಫೆರಮ್'. ಭವಿಷ್ಯತ್ತಿನ 'ಹೊರುತ್ತೇನೆ'ಯೂ ಅದೇ, ವಿಧ್ಯರ್ಥದ 'ಹೊರಲಿ ನಾನು' ಕೂಡ ಅದೇ. ವಾಕ್ಯ ನೋಡದೆ ತೀರ್ಮಾನಿಸಬೇಡಿ. ನಂತರದ ರೂಪಗಳಲ್ಲಿ ಏ ಇದ್ದರೆ ಭವಿಷ್ಯತ್, ಆ ಇದ್ದರೆ ವಿಧ್ಯರ್ಥ. ಇನ್ನೊಂದು, ರಕಾರದ ಒತ್ತು. 'ಫೆರ್ರೆ' ಎಂದರೆ ಹೊರಲು, 'ಫೆರೇ' ಎಂದರೆ 'ಹೆಚ್ಚುಕಡಿಮೆ'. ಬರೆಯುವಾಗ ಒಂದು ರಕಾರ ಬಿಟ್ಟರೆ ಕ್ರಿಯಾಪದವೇ ಮಾಯ. ಇನ್ನು ಆಜ್ಞಾರ್ಥದಲ್ಲಿ ಅಭ್ಯಾಸಬಲದಿಂದ 'ಫೆರೆ' ಎಂದು ಬರೆಯುವವರು ಬಹಳ. ಕೊನೆಯ ಎಕಾರ ಕಳೆದುಕೊಂಡ ನಾಲ್ಕನ್ನು ಒಟ್ಟಿಗೆ ಬಾಯಿಪಾಠ ಮಾಡಿ: ದೀಕ್, ದೂಕ್, ಫಕ್, ಫೆರ್ (ಹೇಳು, ನಡೆಸು, ಮಾಡು, ತಾ).

ಪ್ರಶ್ನೆ: ನಮ್ಮ ಮನೆಯ ಹಿರಿಯರು ಲ್ಯಾಟಿನ್ ಪೂಜೆಯ ಕಾಲದ 'ಆಗ್ನುಸ್ ದೇಈ, ಕ್ವೀ ತೊಲ್ಲಿಸ್ ಪೆಕ್ಕಾತಾ ಮುಂದೀ' ಎಂಬುದನ್ನು ಈಗಲೂ ಹೇಳುತ್ತಾರೆ. ತೊಲ್ಲಿಸ್ ಎಂದರೇನು?
– ಕಾರವಾರ

ಉತ್ತರ: 'ಲೋಕದ ಪಾಪಗಳನ್ನು ನೀಗುವ ದೇವರ ಕುರಿಮರಿಯೇ' ಎಂದು ಸಾಲಿನ ಅರ್ಥ. ತೊಲ್ಲಿಸ್ ಎಂದರೆ 'ನೀನು ಎತ್ತುತ್ತೀ, ಎತ್ತಿ ಒಯ್ಯುತ್ತೀ'. ತೊಲ್ಲೋ, ತೊಲ್ಲೆರೆ ಎಂಬುದರ ವರ್ತಮಾನ, ಮಧ್ಯಮಪುರುಷ ಏಕವಚನ. ಮೇಲಿನ ಉತ್ತರದ ತುಲ್ ಧಾತುವಿನದೇ ಸಂತಾನ. ತನ್ನ ತುಲೀಯನ್ನು ಫೆರ್ರೆಗೆ ಬಿಟ್ಟುಕೊಟ್ಟಿದ್ದರಿಂದ ತೊಲ್ಲೋ ತನಗಾಗಿ ಉಪಸರ್ಗ ಸೇರಿಸಿದ ರೂಪಗಳನ್ನು ಇಟ್ಟುಕೊಂಡಿತು: ಸುಸ್ತುಲೀ, ಸುಬ್ಲಾತುಮ್. 'ಸುಫ್ಫೆರೋ' (ತಾಳಿಕೊ) ಎಂಬುದಕ್ಕೂ ಅವೇ ರೂಪ. ಪುಸ್ತಕದಲ್ಲಿ ಸುಸ್ತುಲಿತ್ ಸಿಕ್ಕರೆ ಹತ್ತರಲ್ಲಿ ಒಂಬತ್ತು ಸಲ 'ಎತ್ತಿದನು' ಎಂದೇ ಹಿಡಿಯಿರಿ.

ಉಚ್ಚಾರದ ಮಾತು. ಪುಸ್ತಕ ನೋಡಿದವರು 'ಆಗ್ನುಸ್' ಎನ್ನುತ್ತಾರೆ. ಇಗರ್ಜಿಯ ಸಂಪ್ರದಾಯದಲ್ಲಿ ಅದು 'ಆನ್ಯುಸ್'. 'ಪಾಕೆ' (ಶಾಂತಿಯಲ್ಲಿ) ಎಂಬುದು 'ಪಾಚೆ'. ಮೊದಲನೆಯದು ಪ್ರಾಚೀನ ರೋಮಿನ ಪಾಠ, ಎರಡನೆಯದು ಇಟಲಿಯ ರೂಢಿ. ಹಿರಿಯರ ಉಚ್ಚಾರವನ್ನು ತಿದ್ದಲು ಹೋಗಬೇಡಿ, ಆ ಸಾಲಿಗೆ ಅದೇ ಸರಿ.

ಪ್ರಶ್ನೆ: ತದಡಿಯಿಂದ ಅಘನಾಶಿನಿಗೆ ಜನರನ್ನು ಹೊತ್ತೊಯ್ಯುವ ಫೆರ್ರಿ, ಗರ್ಭಿಣಿಯರಿಗೆ ಕೊಡುವ ಫೆರಸ್ ಮಾತ್ರೆ, ತೋಟಕ್ಕೆ ಹಾಕುವ ಫರ್ಟಿಲೈಸರ್. ಎಲ್ಲ ಇದೇ ಫೆರ್ರೆಯೇ?
– ಹೊನ್ನಾವರ

ಉತ್ತರ: ಮೂರರಲ್ಲಿ ಒಂದೇ. ಫರ್ಟಿಲೈಸರ್ ಹೌದು: 'ಫೆರ್ತಿಲಿಸ್' ಎಂದರೆ ಚೆನ್ನಾಗಿ ಫಲ ಹೊರುವ, ಫಲವತ್ತಾದ. ಫೆರಸ್ ಅಲ್ಲ, ಅದು ಕಬ್ಬಿಣದ ಹೆಸರು 'ಫೆರ್ರುಮ್'ನಿಂದ. ಆದರೆ ಓದುವಾಗ ಗೊಂದಲ ನಿಜ: 'ಫೆರ್ರೀ' ಎಂದರೆ ಹೊರಲ್ಪಡಲು ಎಂದೂ ಆಗುತ್ತದೆ, ಕಬ್ಬಿಣದ ಎಂದೂ ಆಗುತ್ತದೆ. ಫೆರ್ರಿ ದೋಣಿಯೂ ಅಲ್ಲ. ಅದು ಅಚ್ಚ ಇಂಗ್ಲಿಷ್ ಮನೆತನದ ಪದ. ಇಂಗ್ಲಿಷಿನ ಹಳೆಯ ಫಕಾರಕ್ಕೆ ಲ್ಯಾಟಿನ್, ಸಂಸ್ಕೃತಗಳಲ್ಲಿ ಪಕಾರ ಇರುತ್ತದೆ. ಆದ್ದರಿಂದ ಫೆರ್ರಿಯ ನಂಟು ನಮ್ಮ 'ಪಾರ'ದ ಜೊತೆ, ಹೊಳೆ ಪಾರು ಮಾಡುವುದು. ಫೆರ್ರೆಯ ನಿಜವಾದ ಇಂಗ್ಲಿಷ್ ಸೋದರ 'ಬೇರ್', ಹೊರು ಎಂಬ ಅರ್ಥದ್ದು.

ಪ್ರಶ್ನೆ: ಕನ್ನಡದ 'ಹೊರು', ಲ್ಯಾಟಿನ್ನಿನ 'ಫೆರ್'. ಅರ್ಥವೂ ಒಂದೇ, ಸದ್ದೂ ಹತ್ತಿರ. ನಂಟಿಲ್ಲವೆ?
– ಸಿದ್ದಾಪುರ

ಉತ್ತರ: ಇಲ್ಲ. ಹೊರು ಹಳಗನ್ನಡದಲ್ಲಿ 'ಪೊಱು'. ಪಕಾರ ಹಕಾರವಾಗಿದ್ದು ಆಮೇಲೆ. ತಮಿಳಿನಲ್ಲಿ ಅದರ ಜೊತೆಗಾರ ಇಂದಿಗೂ ಪಕಾರದಲ್ಲೇ ಇದೆ. ದ್ರಾವಿಡದ ಪಕಾರಕ್ಕೂ ಲ್ಯಾಟಿನ್ ಫಕಾರಕ್ಕೂ ನಿಯಮದ ಸಂಬಂಧವಿಲ್ಲ. ಸದ್ದು ಹತ್ತಿರವೆಂದು ನಂಟು ಕಟ್ಟುವುದು ಬೇಡ. ಅದೇ ಹೊಂದಿಕೆ ಹತ್ತಾರು ಪದಗಳಲ್ಲಿ ತಪ್ಪದೆ ಕಾಣಬೇಕು. ಭ್ರಾತಾ–ಫ್ರಾತೆರ್, ಭರತಿ–ಫೆರ್ತ್ ಆ ಪರೀಕ್ಷೆಯಲ್ಲಿ ನಿಲ್ಲುತ್ತವೆ, ಹೊರು ನಿಲ್ಲುವುದಿಲ್ಲ.

ಸಂಬಂಧವಿರುವ ಪದಗಳು ನಮ್ಮ ಮಾತಿನಲ್ಲೇ ಇವೆ, ಆದರೆ ಎರವಲು ಬಂದವು. ಭೃ ಧಾತು ಮರಾಠಿಯಲ್ಲಿ 'ತುಂಬು' ಎಂಬ ಅರ್ಥಕ್ಕೆ ತಿರುಗಿತು. ಬಸ್ಸು ಭರ್ತಿಯಾಯಿತು ಎನ್ನುವುದು ಅಲ್ಲಿಂದ. ಅಳಿವೆಯಲ್ಲಿ ನೀರೇರುವ ಭರತವೂ ಅಲ್ಲಿಂದ.

ಪ್ರಶ್ನೆ: ಈ ಹೋಲಿಕೆಯನ್ನು ಮೊದಲು ಕಂಡವರು ಯಾರು?
– ಯಲ್ಲಾಪುರ

ಉತ್ತರ: ಬರಹದಲ್ಲಿ ಸಿಗುವ ಆರಂಭದ ಮಾತುಗಳು ನಮ್ಮ ನೆರೆಯ ಗೋವೆಯ ಸುತ್ತಲಿನವು. ಅಲ್ಲಿದ್ದ ಇಂಗ್ಲಿಷ್ ಪಾದ್ರಿ ಥಾಮಸ್ ಸ್ಟೀಫನ್ಸ್ 1583ರಲ್ಲಿ ತಮ್ಮ ಸಹೋದರನಿಗೆ ಬರೆದ ಕಾಗದದಲ್ಲಿ ಇಲ್ಲಿನ ಭಾಷೆಗಳ ಕಟ್ಟು ಗ್ರೀಕ್, ಲ್ಯಾಟಿನ್‌ಗಳಂತಿದೆ ಎಂದಿದ್ದರು. 1588ರಲ್ಲಿ ಗೋವೆಯಲ್ಲೇ ತೀರಿಕೊಂಡ ಫ್ಲಾರೆನ್ಸಿನ ವ್ಯಾಪಾರಿ ಫಿಲಿಪ್ಪೊ ಸಾಸ್ಸೆತ್ತಿ ಸಪ್ತ, ಅಷ್ಟ, ನವಗಳನ್ನು ಇಟಾಲಿಯನ್ ಅಂಕೆಗಳ ಜೊತೆ ಹೋಲಿಸಿದ್ದ. ಬ್ರಿಟಿಷ್ ನ್ಯಾಯಾಧೀಶ ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಇದೇ ವಿಷಯವಾಗಿ ಭಾಷಣ ಮಾಡಿದ್ದು 1786ರಲ್ಲಿ. ಕ್ರಿಯಾಪದದ ರೂಪಾವಳಿಗಳನ್ನೇ ಸಾಲುಸಾಲಾಗಿ ಹೋಲಿಸಿ ಅದನ್ನು ಶಾಸ್ತ್ರವಾಗಿಸಿದವನು ಜರ್ಮನಿಯ ಫ್ರಾನ್ಜ್ ಬಾಪ್, 1816ರಲ್ಲಿ.

ಪ್ರಶ್ನೆ: ಪ್ರಬಂಧದ ಅಡಿಟಿಪ್ಪಣಿಯಲ್ಲಿ 'ಸಿ.ಎಫ್.' ಎಂದೂ ಕಚೇರಿ ಪತ್ರದಲ್ಲಿ 'ವೈಡ್' ಎಂದೂ ಬರೆಯುತ್ತೇವೆ. ಎರಡೂ ಒಂದೇ ಅಲ್ಲವೆ?
– ಕುಮಟಾ

ಉತ್ತರ: ಅಲ್ಲ. 'ಸಿ.ಎಫ್.' ಎಂದರೆ ಕೊನ್‌ಫೆರ್, ಎಕಾರ ಕಳೆದುಕೊಂಡ ಆ ಆಜ್ಞಾರ್ಥವೇ: 'ಪಕ್ಕದಲ್ಲಿಟ್ಟು ಹೋಲಿಸು'. ನಿಮ್ಮ ಮಾತಿಗೆ ಭಿನ್ನವಾದದ್ದನ್ನು ಅಥವಾ ಹೋಲುವುದನ್ನು ತೋರಿಸುವಾಗ ಮಾತ್ರ ಹಾಕಿ, ಆಧಾರ ಕೊಡುವಲ್ಲೆಲ್ಲ ಬೇಡ. 'ವೈಡ್' ಲ್ಯಾಟಿನ್ನಿನ 'ವಿದೇ': 'ನೋಡು' ಎಂಬ ಆಜ್ಞೆ, ವೇದ, ವಿದ್ಯೆಗಳ ವಿದ್ ಧಾತುವಿನದು. ಪತ್ರದ ಸಂಖ್ಯೆ, ದಿನಾಂಕ ತೋರಿಸಲು ಇದು ಸರಿ. ಕನ್ನಡದ ಪತ್ರದಲ್ಲಾದರೆ 'ಉಲ್ಲೇಖ' ಎಂದರೆ ಸಾಕು.